ಬಿದ್ದೆ ಎಂದು ಬರೆದವರು

ಸಾನ್ ಬ್ಲಾಸ್, ಪರಾಗ್ವೆ
ಮಾರ್ಚ್ 21, 1998

ಬ್ಲಾಸಿ,

ನೀನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ ಉಣ್ಣೆಯ ಶಾಲು ಬಂತು. ಇಲ್ಲಿ ಇನ್ನೂ ಬೆವರು ಸುರಿಯುವ ಸೆಕೆ. ಆದರೂ ಹೊದ್ದು ಕನ್ನಡಿಯ ಮುಂದೆ ನಿಂತೆ. ನಿನ್ನ ಭಾವ ಬಾಗಿಲಲ್ಲೇ ನಿಂತು, “ಬ್ಯೂನಸ್ ಐರಿಸ್ ದೊರೆಸಾನಿ ಯಾವಾಗ ಬಂದ್ರು?” ಅಂದ. ಬಹಳ ದಿನಗಳ ಮೇಲೆ ಅವನ ಬಾಯಿಂದ ಬಂದ ತಮಾಷೆ. ಶಾಲಿನ ಅಂಚು ನೆಲ ಗುಡಿಸುತ್ತದೆ. ನೀನು ನನ್ನ ಎತ್ತರ ಮರೆತೆಯೋ, ಆ ಊರಿನಲ್ಲಿ ಎಲ್ಲವನ್ನೂ ದೊಡ್ಡದಾಗಿಯೇ ಹೆಣೆಯುತ್ತಾರೋ ತಿಳಿಯದು. ಒಂದು ಮಡಿಕೆ ಹಾಕಿ ಹೊಲಿದುಕೊಳ್ಳುತ್ತೇನೆ.

ಈಸ್ಟರಿನ ಪವಿತ್ರ ವಾರ ಹತ್ತಿರ ಬಂತು. ಚಿಪಾ ರೊಟ್ಟಿಗೆ ಈಗಿನಿಂದಲೇ ಜನ ಹೇಳಿಟ್ಟು ಹೋಗುತ್ತಿದ್ದಾರೆ. ಮರಗೆಣಸಿನ ಹಿಟ್ಟು ಸಿಕ್ಕಿದೆ, ಚೀಸ್ ಒಳ್ಳೆಯದು ಸಿಕ್ಕಿಲ್ಲ. ಲಾರಿ ಓಡಿಸುವುದನ್ನು ಬಿಟ್ಟ ಮೇಲೆ ನನ್ನ ಚೆಂಚೊನ ಕೈಗೆ ಹಿಟ್ಟು ಚೆನ್ನಾಗಿ ಒಗ್ಗಿದೆ. ನಾದುವುದು, ಮಣ್ಣಿನ ಒಲೆಗೆ ಬೆಂಕಿ ಹಾಕುವುದು ಅವನು. ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೆದ್ದಾರಿಯಲ್ಲಿ ನಿಂತ ಬಸ್ಸಿಗೆಲ್ಲ ಹತ್ತಿ ಇಳಿದು ಮಾರುವುದು ನಾನು. ನನ್ನ ಹಾಗೆ ಕೈ ಹಿಡಿಯದೆ ಬುಟ್ಟಿ ಹೊರುವವಳು ಈ ರಸ್ತೆಯಲ್ಲಿ ಇನ್ನೊಬ್ಬಳಿಲ್ಲ ಎಂದು ಮೊನ್ನೆ ಒಬ್ಬ ಕಂಡಕ್ಟರ್ ಪ್ರಯಾಣಿಕರಿಗೆಲ್ಲ ಕೇಳುವ ಹಾಗೆ ಹೇಳಿದ. ಐವತ್ತೆಂಟು ವರ್ಷಕ್ಕೆ ಅಷ್ಟು ಹೊಗಳಿಕೆ ಸಾಕು.

ಒಂದು ಸಣ್ಣ ಸುದ್ದಿ. ಗಾಬರಿಯಾಗಬೇಡ. ಎಡಗೈ ಮಣಿಕಟ್ಟು ಮುರಿದಿದೆ. ಬಿದ್ದೆ. ಒಲೆಯ ಹತ್ತಿರ ನೀರು ಚೆಲ್ಲಿತ್ತು, ನೋಡಲಿಲ್ಲ. ಪ್ಲಾಸ್ಟರ್ ಹಾಕಿದ್ದಾರೆ. ಬಲಗೈ ಗಟ್ಟಿಯಾಗಿದೆ, ಅದರಲ್ಲೇ ಚಿಲ್ಲರೆ ಎಣಿಸುತ್ತೇನೆ, ಅದರಲ್ಲೇ ಚುಟ್ಟಾ ಹಿಡಿಯುತ್ತೇನೆ.

ನಿನ್ನ ಯಜಮಾನಿ ಮುದುಕಿ ಹೇಗಿದ್ದಾಳೆ? ಈಗಲೂ ಸೂಪಿಗೆ ಉಪ್ಪಿಲ್ಲ ಎಂದು ಗೊಣಗುತ್ತಾಳಾ?

ಜುನಿಲ್ದಾ


ಬ್ಯೂನಸ್ ಐರಿಸ್
ಏಪ್ರಿಲ್ 6, 1998

ಅಕ್ಕ,

ಸೆನ್ಯೋರಾ ಎಬೆ ಆರೋಗ್ಯವಾಗಿದ್ದಾರೆ, ಗೊಣಗಾಟವೂ ಆರೋಗ್ಯವಾಗಿದೆ. ಎಂಬತ್ನಾಲ್ಕರಲ್ಲಿ ಇನ್ನೂ ನನ್ನ ಇಸ್ತ್ರಿಯಲ್ಲಿ ತಪ್ಪು ಹುಡುಕುತ್ತಾರೆ. ಭಾನುವಾರ ಅವರನ್ನು ಚರ್ಚಿಗೆ ಕರೆದುಕೊಂಡು ಹೋಗಿ ಹಬ್ಬದ ತಾಳೆಗರಿ ತಂದೆ. ಒಂದು ಎಸಳು ಈ ಕಾಗದದೊಳಗಿದೆ.

ನಿನ್ನ ಕೈಯ ವಿಷಯ ಓದಿ ಕಾಗದ ಮಡಿಸಿಟ್ಟೆ, ಮತ್ತೆ ಬಿಡಿಸಿದೆ. ಕಳೆದ ವರ್ಷ ಪಕ್ಕೆಲುಬು ಮುರಿದಾಗಲೂ ಬಿದ್ದೆ ಎಂದೇ ಬರೆದಿದ್ದೆ. ಮಂಚದಿಂದ ಬಿದ್ದೆ ಅಂದಿದ್ದೆ. ಮಂಚದಿಂದ ಬೀಳಲು ನೀನೇನು ತೊಟ್ಟಿಲ ಕೂಸೇ? ಈಗ ಒಲೆಯ ಬಳಿ ನೀರು. ಮೂವತ್ತು ವರ್ಷದಿಂದ ಅದೇ ಒಲೆ, ಅದೇ ನೆಲ. ಬುಟ್ಟಿ ಹೊತ್ತು ಓಡುವ ಬಸ್ಸಿನಿಂದ ಇಳಿಯುವಾಗ ಒಮ್ಮೆಯೂ ತಡವರಿಸದವಳು ಮನೆಯೊಳಗೆ ಮಾತ್ರ ಬೀಳುತ್ತೀಯಾ?

ಭಾವ ಬಹಳ ದಿನದ ಮೇಲೆ ತಮಾಷೆ ಮಾಡಿದರು ಎಂದು ಬರೆದಿದ್ದೀಯ. ಯಾಕೆ ಬಹಳ ದಿನ? ಮೊದಲೆಲ್ಲ ಅವರ ಬಾಯಿಗೆ ಬೀಗ ಹಾಕುವುದೇ ಕಷ್ಟವಾಗಿತ್ತು. ನನ್ನನ್ನು ರೈಲು ಹತ್ತಿಸಲು ಬಂದಾಗ ಸ್ಟೇಷನ್ ಮಾಸ್ತರನನ್ನೂ ನಗಿಸಿದ ಮನುಷ್ಯ. ಲಾರಿ ಬಿಟ್ಟ ಮೇಲೆ ಮನೆಯಲ್ಲೇ ಇದ್ದು ಅವರಿಗೆ ಸಿಡುಕು ಹತ್ತಿತಾ? ಕುಡಿಯುತ್ತಾರಾ? ನೇರವಾಗಿ ಕೇಳುತ್ತಿದ್ದೇನೆ, ನೇರವಾಗಿ ಬರಿ. ನಮಗಿಬ್ಬರಿಗೂ ಬೇರೆ ಯಾರಿದ್ದಾರೆ?

ಇಲ್ಲಿ ಮನೆಯಲ್ಲಿ ಒಂದು ಖಾಲಿ ಕೋಣೆ ಇದೆ. ಸೆನ್ಯೋರಾಗೆ ಹೇಳಿದರೆ ಬೇಡ ಅನ್ನುವುದಿಲ್ಲ. ಸುಮ್ಮನೆ ಬರೆದೆ, ನೆನಪಿರಲಿ.

ನಿನ್ನ ಬ್ಲಾಸಿ


ಸಾನ್ ಬ್ಲಾಸ್
ಏಪ್ರಿಲ್ 25, 1998

ಬ್ಲಾಸಿ,

ಎಷ್ಟು ಪ್ರಶ್ನೆ ಹಾಕುತ್ತೀಯ. ಪಾದ್ರಿಯ ಮುಂದೆ ಮಂಡಿಯೂರಿದಾಗಲೂ ನನಗೆ ಇಷ್ಟು ಕಷ್ಟವಾಗಿರಲಿಲ್ಲ.

ಹಬ್ಬ ಚೆನ್ನಾಗಿ ಆಯಿತು. ಪಕ್ಕದ ಮನೆ ಪೊರ್ಫಿರಿಯಮ್ಮ ಬಂದು ಚಿಪಾ ಕಟ್ಟಲು ಕೈ ಹಾಕಿದಳು. ಕೈಗಿಂತ ಬಾಯಿಯೇ ಹೆಚ್ಚು ಓಡಿಸಿದಳು. ಪ್ಲಾಸ್ಟರ್ ಬಿಚ್ಚಿದ್ದಾರೆ. ಕೈ ಸಣ್ಣಗೆ, ಬೆಳ್ಳಗೆ, ಬೇರೆ ಯಾರದೋ ಕೈಯ ಹಾಗಿದೆ.

ನಿನ್ನ ಭಾವ ಕುಡಿಯುವುದಿಲ್ಲ. ಮಾತೂ ಆಡುವುದಿಲ್ಲ. ಜಗಲಿಯಲ್ಲಿ ಜೋಲಿ ಕಟ್ಟಿಕೊಂಡು ಅಲ್ಲೇ ಮಲಗುತ್ತಾನೆ. ಒಳಗೆ ಬಾ ಅಂದರೆ, “ನಾನ್ ಇಲ್ಲೇ ಇರ್ತೀನಿ, ನಿಂಗೇ ಒಳ್ಳೇದು” ಅನ್ನುತ್ತಾನೆ. ನಾನು ಹತ್ತಿರ ಹೋದರೆ ಎದ್ದು ಸೌದೆ ಕಡೆ ಹೋಗುತ್ತಾನೆ. ಆ ವಿಷಯ ಕಾಗದದಲ್ಲಿ ಬರೆಯುವಂಥದ್ದಲ್ಲ. ನನ್ನ ವಯಸ್ಸಿಗೆ ಅದನ್ನು ಯಾರ ಮುಂದಾದರೂ ಹೇಳಿಕೊಂಡರೆ ನಾಚಿಕೆಗೇಡು. ಗಂಡ ಹೆಂಡಿರ ನಡುವೆ ಆದದ್ದು. ಅವನದು ತಪ್ಪಿಲ್ಲ. ಇಷ್ಟು ಮಾತ್ರ ನಂಬು. ನೀನು ಮನಸ್ಸಿನಲ್ಲಿ ಅವನನ್ನು ಬೈದುಕೊಳ್ಳಬೇಡ, ಮತ್ತೆ ಯಾರಿಗೂ ಹೇಳಬೇಡ. ಈ ಊರಿನ ಬಾಯಿ ನಿನಗೆ ಗೊತ್ತಲ್ಲ.

ಆಗಾಗ ಬೆನ್ನು ನೋಯುತ್ತದೆ. ಅದು ಬುಟ್ಟಿಯ ಪ್ರಸಾದ. ಅಮ್ಮನಿಗೂ ನೋಯುತ್ತಿತ್ತು, ನೆನಪಿದೆಯಾ? ಬೆಚ್ಚಗಿನ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದೆವು. ಈಗ ನನಗೆ ನಾನೇ ಇಟ್ಟುಕೊಳ್ಳುತ್ತೇನೆ.

ಕೋಣೆಯ ಮಾತು ಬೇಡ. ನನಗೆ ಮನೆಯಿದೆ.

ಜುನಿಲ್ದಾ


ಬ್ಯೂನಸ್ ಐರಿಸ್
ಮೇ 11, 1998

ಅಕ್ಕ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಹಾಲು ಉಕ್ಕಿ ಒಲೆಯೆಲ್ಲ ಹರಿದದ್ದು ಕಾಣಿಸಲಿಲ್ಲ.

“ಅವನದು ತಪ್ಪಿಲ್ಲ”, “ಯಾರಿಗೂ ಹೇಳಬೇಡ.” ಈ ಎರಡು ಮಾತು ಒಂದೇ ಕಾಗದದಲ್ಲಿ ಬಂದರೆ ಆ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನನಗೆ ಗೊತ್ತಾಗುತ್ತದೆ. ಹೇಗೆ ಎಂದು ಕೇಳಬೇಡ. ಆ ಮನುಷ್ಯ ತಾನು ಹೊರಗೆ ಮಲಗಿದರೆ ನಿನಗೇ ಒಳ್ಳೆಯದು ಎಂದನಲ್ಲ, ಅದರ ಅರ್ಥ ನಿನಗೆ ತಿಳಿಯಲಿಲ್ಲವಾ? ಇಷ್ಟು ವರ್ಷ ಅವನನ್ನು ಭಾವ ಭಾವ ಎಂದು ಕರೆದ ನಾಲಿಗೆ ನನ್ನದು.

ಪಕ್ಕೆಲುಬು ಆಯಿತು, ಕೈ ಆಯಿತು. ಇನ್ನು ಮುಂದಿನದು ಏನು ಎಂದು ಕಾಯುತ್ತಾ ಕೂರಲು ನನ್ನಿಂದಾಗದು. ನಿನಗೆ ಸಿಟ್ಟು ಬರುತ್ತದೆ, ಬರಲಿ. ಇವತ್ತು ಟೆಲಿಫೋನ್ ಆಫೀಸಿಗೆ ಹೋಗಿ ನಿಮ್ಮೂರ ಠಾಣೆಗೆ ಫೋನ್ ಮಾಡಿದೆ. ಸೋದರತ್ತೆಯ ಮಗ ಅಬ್ದೋನ್ ಈಗ ಅಲ್ಲೇ ಇದ್ದಾನಲ್ಲ, ಅವನೇ ಸಿಕ್ಕ. ಮೊದಲು ನಂಬಲಿಲ್ಲ. “ಚೆಂಚೊನಾ? ಅವನು ಕೋಳಿ ಕೊಯ್ಯೋಕೂ ಪಕ್ಕದ ಮನೆಯವರನ್ನ ಕರೀತಾನೆ” ಅಂದ. ನೀನು ಹೋಗಿ ನೋಡು ಅಂದೆ. ನಾಳೆಯಿಂದ ರಜೆ, ಮುಗಿಸಿ ಬಂದ ಕೂಡಲೇ ನೋಡುತ್ತೇನೆ ಎಂದಿದ್ದಾನೆ. ಬಹುಶಃ ಈ ಕಾಗದಕ್ಕಿಂತ ಮೊದಲೇ ಅವನು ನಿಮ್ಮ ಬಾಗಿಲಿಗೆ ಬರುತ್ತಾನೆ.

ಬಟ್ಟೆ ಗಂಟು ಕಟ್ಟಿಡು. ಹಾಸಿಗೆ ಸಿದ್ಧವಾಗಿದೆ.

ಬ್ಲಾಸಿ


ಆಸ್ಪತ್ರೆ, ಅಸುನ್ಸಿಯೊನ್
ಜೂನ್ 4, 1998

ಬ್ಲಾಸಿದಾ,

ಅಂಗಾತ ಮಲಗಿ ಬರೆಯುತ್ತಿದ್ದೇನೆ. ಹೀಗೆ ಮೇಲ್ಮುಖವಾಗಿ ಹಿಡಿದರೆ ಪೆನ್ನು ಬರೆಯುವುದಿಲ್ಲ, ನರ್ಸ್ ಪೆನ್ಸಿಲ್ ಕೊಟ್ಟಿದ್ದಾಳೆ. ಸಿಟ್ಟಿನಲ್ಲಿ ಎರಡು ಹಾಳೆ ಬರೆದು ಹರಿದೆ. ಆದದ್ದನ್ನು ಮಾತ್ರ ಬರೆಯುತ್ತೇನೆ.

ಹೋದ ವಾರ ಒಂದು ಬೆಳಿಗ್ಗೆ ನಾನು ಬುಟ್ಟಿ ಹೊತ್ತು ಹೆದ್ದಾರಿಯಲ್ಲಿದ್ದೆ. ಪೊರ್ಫಿರಿಯಮ್ಮ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದಳು.

“ಜುನಿ, ನಿನ್ ಗಂಡನ್ನ ಅಬ್ದೋನ್ ಜೀಪಲ್ಲಿ ಕೂರಿಸ್ಕೊಂಡ್ ಹೋದ. ಬೇಡಿ ಗೀಡಿ ಹಾಕಿಲ್ಲ. ಆದ್ರೆ ಊರೆಲ್ಲ ನೋಡ್ತು.”

“ಯಾಕಂತೆ?”

“ನಿನ್ನ ಹೊಡೀತಾನಂತೆ.”

ನಾನು ನಕ್ಕೆ, ಬ್ಲಾಸಿದಾ. ಅವಳು ನಗಲಿಲ್ಲ. ಅವಳ ಮುಖ ನೋಡಿದೆ. ಅವಳು ನಂಬಿದ್ದಳು. ಗೋಡೆಯಾಚೆ ಇಪ್ಪತ್ತು ವರ್ಷ ಇದ್ದವಳು, ಅವಳೂ ನಂಬಿದ್ದಳು.

ಬುಟ್ಟಿಯನ್ನು ಅಲ್ಲಿಯೇ ಇಳಿಸಿ ಹೋಗಬಹುದಿತ್ತು. ಹೊಳೆಯಲಿಲ್ಲ. ಹೊತ್ತುಕೊಂಡೇ ಠಾಣೆಗೆ ನಡೆದೆ. ಚೆಂಚೊ ಬೆಂಚಿನ ಮೇಲೆ ಕೂತಿದ್ದ. ಕೈಯಲ್ಲಿ ಹಿಟ್ಟು ಹಾಗೇ ಇತ್ತು, ಟೋಪಿ ಮಂಡಿಯ ಮೇಲಿತ್ತು. ಅಬ್ದೋನ್ ಟೈಪ್‌ರೈಟರ್ ಮುಂದೆ ಬೆವರುತ್ತಿದ್ದ.

“ಏನೋ ಇದು, ಅಬ್ದೋನ್?”

“ನಿನ್ ತಂಗಿ ಫೋನ್ ಮಾಡಿದ್ಲು ಅಕ್ಕ. ಸುಮ್ನೆ ಒಂದ್ ಮಾತು ಕೇಳಿ ಕಳ್ಸೋಣ ಅಂತ ಕರ್ಕೊಂಡ್ ಬಂದೆ. ಕೇಳಿದ ಕೂಡ್ಲೇ ಒಪ್ಕೊಂಡ. ಈಗ ನಾನೇನ್ ಮಾಡ್ಲಿ?”

“ಏನ್ ಒಪ್ಕೊಂಡ?”

ಚೆಂಚೊ ತಲೆ ಎತ್ತಲಿಲ್ಲ. “ಎರಡೂ ನನ್ ಕೈಯಲ್ಲೇ ಮುರಿದಿದ್ದು, ಜುನಿ. ಪೊಲೀಸ್ ಕೇಳಿದ್ರೆ ಸುಳ್ಳು ಹೇಳ್ಲಾ?”

ನಿಜ. ಎರಡೂ ಅವನ ಕೈಯಲ್ಲೇ ಮುರಿದವು. ಈಗ ಕೇಳು, ನಾಚಿಕೆಗೆಂದು ಬಚ್ಚಿಟ್ಟದ್ದನ್ನು. ಕಳೆದ ವರ್ಷ ನಮ್ಮ ಫುಟ್‌ಬಾಲ್ ತಂಡ ವಿಶ್ವಕಪ್ಪಿಗೆ ಹೋಗುವುದು ಖಚಿತವಾದ ದಿನ ರೇಡಿಯೊ ಕೇಳುತ್ತಿದ್ದವನು ಎದ್ದು ಬಂದು ನನ್ನನ್ನು ತಬ್ಬಿ ಎತ್ತಿದ. ಅಷ್ಟೇ. ಹೊಸದಾಗಿ ಮದುವೆಯಾದವರ ಹಾಗೆ. ನನ್ನ ಪಕ್ಕೆಯಲ್ಲಿ ಟಕ್ ಎಂದಿತು, ಅದು ಅವನಿಗೂ ಕೇಳಿಸಿತು. ಮಾರ್ಚಿನಲ್ಲಿ ಬಸ್ಸಿನ ಮೆಟ್ಟಿಲಲ್ಲಿ ಕಾಲು ಜಾರಿತು, ಬೀಳದಿರಲೆಂದು ಮಣಿಕಟ್ಟು ಹಿಡಿದ. ಅದೂ ಅವನ ಮುಷ್ಟಿಯಲ್ಲೇ ಟಕ್ ಎಂದಿತು. ಈ ವಯಸ್ಸಿನಲ್ಲಿ ಗಂಡ ತಬ್ಬಿಕೊಂಡ, ಎಲುಬು ಮುರಿಯಿತು ಎಂದು ಯಾರ ಹತ್ತಿರ ಹೇಳಲಿ? ಹೇಳಿದರೆ ಯಾರು ನಂಬುತ್ತಾರೆ? ಬಿದ್ದೆ ಎಂದೆ. ಅಂದಿನಿಂದ ಅವನು ನನ್ನನ್ನು ಮುಟ್ಟಿಲ್ಲ. ತನ್ನ ಕೈಗಳಲ್ಲೇ ಏನೋ ಕೆಟ್ಟದ್ದು ಹೊಕ್ಕಿದೆ ಎಂದುಕೊಂಡಿದ್ದ.

ಇದನ್ನೆಲ್ಲ ಅಬ್ದೋನ್‌ಗೆ ಬಿಡಿಸಿ ಹೇಳೋಣವೆಂದು ಬುಟ್ಟಿ ಇಳಿಸಲು ಎರಡೂ ಕೈ ಎತ್ತಿದೆ. ಹುಡುಗಿಯಾಗಿದ್ದಾಗಿನಿಂದ ಮಾಡುತ್ತಾ ಬಂದ ಕೆಲಸ. ಬೆನ್ನಿನೊಳಗೆ ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು. ಬುಟ್ಟಿ ಬಿತ್ತು, ಚಿಪಾ ಠಾಣೆಯ ತುಂಬ ಉರುಳಿದವು. ನಾನು ಮೇಜಿನ ಅಂಚು ಹಿಡಿದು ಕೆಳಗೆ ಕೂತೆ. ಉಸಿರು ಬರಲಿಲ್ಲ. ನನ್ನ ಸುತ್ತ ಒಂದು ಮಾರು ದೂರದವರೆಗೆ ಯಾರೂ ಇರಲಿಲ್ಲ. ಅಬ್ದೋನ್ ನೋಡಿದ. ಜೊತೆಗಿದ್ದ ಇನ್ನೊಬ್ಬ ಪೇದೆ ನೋಡಿದ.

ಚೆಂಚೊ ಎದ್ದು ಬಂದ. ಬಂದವನು ನಿಂತುಬಿಟ್ಟ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಹಿಡ್ಕೊ” ಅಂದೆ. “ಅಬ್ದೋನ್, ನೀನ್ ಹಿಡ್ಕೊಳೊ. ನಾನ್ ಮುಟ್ಟಿದ್ರೆ ಇನ್ನೊಂದು ಮುರಿಯತ್ತೆ” ಅಂದ. ಬೆನ್ನು ಮುರಿದ ನೋವಿಗಿಂತ ಆ ಮಾತು ಹೆಚ್ಚು ನೋಯಿಸಿತು.

ಇಲ್ಲಿಯ ಡಾಕ್ಟರ್ ಹೆಂಗಸು, ಇನ್ಸ್‌ಫ್ರಾನ್ ಎಂದು ಹೆಸರು. ಅವಳೂ ಮೊದಲು ಎಲ್ಲರನ್ನೂ ಹೊರಗೆ ಕಳಿಸಿ, “ಯಾರಾದ್ರೂ ಹೊಡೆದ್ರಾ?” ಎಂದೇ ಕೇಳಿದಳು. “ಯಾರೂ ಮುಟ್ಲಿಲ್ಲ, ಇಬ್ರು ಪೊಲೀಸ್ರು ಸಾಕ್ಷಿ” ಅಂದೆ. ಎಕ್ಸ್‌ರೇ ತೆಗೆದರು. ಬೆನ್ನುಮೂಳೆಯ ಒಂದು ಮಣಿ ತುಳಿದ ಚಿಪಾದ ಹಾಗೆ ಚಪ್ಪಟೆಯಾಗಿತ್ತು. ಅದರ ಮೇಲಿನ ಎರಡು ಯಾವಾಗಲೋ ಹಾಗೇ ಕುಸಿದಿದ್ದವು, ನನಗೇ ಗೊತ್ತಿಲ್ಲ. ಬೆನ್ನುನೋವು ಬುಟ್ಟಿಯದು ಎಂದುಕೊಂಡಿದ್ದೆನಲ್ಲ, ಅದು ಈ ಕುಸಿತದ್ದಂತೆ. ನಿನ್ನ ಶಾಲು ನೆಲ ಮುಟ್ಟುವಷ್ಟು ನಾನು ಕುಳ್ಳಗಾದದ್ದೂ ಅದರಿಂದಲೇ ಅಂತೆ. ಆಮೇಲೆ ಇನ್ನೊಂದು ಯಂತ್ರದ ಕೆಳಗೆ ಮಲಗಿಸಿ ಮೂಳೆ ಎಷ್ಟು ಗಟ್ಟಿ ಎಂದು ಅಳೆದರು. ಡಾಕ್ಟರ್ ಬಂದು ನನ್ನ ಪಕ್ಕ ಕೂತಳು. ನಿಂತು ಹೇಳುವ ಸುದ್ದಿಯಲ್ಲ ಎಂದು ಆಗಲೇ ಗೊತ್ತಾಯಿತು.

“ಅಮ್ಮ, ನಿಮಗೆ ಐವತ್ತೆಂಟು. ನಿಮ್ಮ ಮೂಳೆಗೆ ಎಂಬತ್ತರ ಮೇಲಾಗಿದೆ. ಒಳಗೆಲ್ಲ ಟೊಳ್ಳು. ಮುಟ್ಟು ಯಾವಾಗ ನಿಂತಿತು?”

“ಮೂವತ್ತಾರಕ್ಕೆ. ಆಪರೇಷನ್ ಆಯ್ತಲ್ಲ. ಗರ್ಭಕೋಶ ತೆಗೆದ್ರು.”

ಅವಳು ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿದಳು, ಇನ್ನೊಂದು ಪರೀಕ್ಷೆ ಬರೆದಳು. ಮಾರನೆಯ ದಿನ ಬಂದು ಹೇಳಿದಳು. ಗರ್ಭಕೋಶದ ಜೊತೆ ಎರಡು ಅಂಡಾಶಯಗಳನ್ನೂ ತೆಗೆದಿದ್ದರಂತೆ. ಹೆಂಗಸಿನ ಮೂಳೆ ಕಾಯುವ ರಸ ಅಲ್ಲೇ ಹುಟ್ಟುತ್ತದಂತೆ. “ನಿಮಗೆ ಯಾರೂ ಹೇಳ್ಲಿಲ್ವಾ?” ಎಂದಳು. ಇಪ್ಪತ್ತೆರಡು ವರ್ಷ, ಬ್ಲಾಸಿದಾ. ನನ್ನ ಹೊಟ್ಟೆಯಿಂದ ಏನೇನು ತೆಗೆದರು ಎಂದು ನನಗೆ ಯಾರೂ ಹೇಳಲಿಲ್ಲ. ಮಕ್ಕಳಾಗುವುದಿಲ್ಲ ಎಂದು ಮಾತ್ರ ಹೇಳಿದರು. ನಾನು ಅಷ್ಟಕ್ಕೇ ಅತ್ತು ಮುಗಿಸಿದ್ದೆ.

ಚೆಂಚೊನನ್ನು ಬಿಟ್ಟಿದ್ದಾರೆ. ಅವನ ಮೇಲೆ ಏನೂ ಇಲ್ಲ. ವಾರ್ಡಿನ ಬಾಗಿಲ ಹೊರಗೆ ಕೂತಿರುತ್ತಾನೆ, ಒಳಗೆ ಬರುವುದಿಲ್ಲ.

ನಿನ್ನ ಹತ್ತಿರ ಒಂದೇ ಪ್ರಶ್ನೆ. ನನ್ನ ಚೆಂಚೊನನ್ನು ನೀನು ಹಾಗೆ ಹೇಗೆ ಅಂದುಕೊಂಡೆ?

ಜುನಿಲ್ದಾ


ಬ್ಯೂನಸ್ ಐರಿಸ್
ಜೂನ್ 17, 1998

ಅಕ್ಕ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಸೆನ್ಯೋರಾ ಎಬೆ ನನ್ನ ಮುಖ ನೋಡಿ, ಯಾರು ಸತ್ತರು ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಹಿಡಿದದ್ದೆಲ್ಲ ಕೈಯಿಂದ ಜಾರುತ್ತಿದೆ. ನಿನ್ನ ಬೆನ್ನು ಮುರಿಯುವ ಹಾಗೆ ನಿನ್ನನ್ನು ಆ ಠಾಣೆಗೆ ಕರೆಸಿದ್ದು ನಾನು.

ನೀನು ಕೇಳಿದ್ದೀಯ. ಹೇಳುತ್ತೇನೆ.

ಏಳು ವರ್ಷದ ಹಿಂದೆ ನನ್ನ ಬಲ ಮುಂಗೈ ಮುರಿದಿತ್ತಲ್ಲ. ಬಸ್ಸಿನ ಮೆಟ್ಟಿಲಿಂದ ಬಿದ್ದೆ ಎಂದು ನಿನಗೆ ಬರೆದಿದ್ದೆ. ಎಡಗೈಯಲ್ಲಿ ಬರೆದ ಕಾಗದ, ಅಕ್ಷರ ಕೋಳಿ ಕೆದಕಿದ ಹಾಗಿತ್ತು. ನಾನು ಬಿದ್ದಿರಲಿಲ್ಲ. ಆಗ ನನ್ನ ಜೊತೆ ಇದ್ದ ರುಬೆನ್ ಮುರಿದ. ಅಡುಗೆಮನೆಯ ಮೇಜಿನ ಅಂಚಿಗೆ ಒತ್ತಿ ಹಿಡಿದು ಮುರಿದ. ಅವನ ಅಂಗಿ ಇಸ್ತ್ರಿಯಾಗಿರಲಿಲ್ಲ. ಅದಕ್ಕೆ ಮೊದಲೂ ಹೊಡೆಯುತ್ತಿದ್ದ, ಆಮೇಲೂ ಹೊಡೆದ. ಆ ಕಾಗದದಲ್ಲಿ “ರುಬೆನ್‌ದು ತಪ್ಪಿಲ್ಲ, ಅವನೇ ಆಸ್ಪತ್ರೆಗೆ ಕರೆದುಕೊಂಡು ಹೋದ” ಎಂದು ಬರೆದಿದ್ದೆ. ಕರೆದುಕೊಂಡು ಹೋದದ್ದು ನಿಜ. ದಾರಿಯುದ್ದಕ್ಕೂ ಡಾಕ್ಟರಿಗೆ ಏನು ಹೇಳಬೇಕೆಂದು ಹೇಳಿಕೊಟ್ಟ.

ಅವನು ದಕ್ಷಿಣಕ್ಕೆ ಕೆಲಸಕ್ಕೆ ಹೋದ ಎಂದು ಆಮೇಲೆ ಬರೆದೆನಲ್ಲ, ಅದೂ ಸುಳ್ಳು. ಅವನು ಎಲ್ಲಿಗೂ ಹೋಗಲಿಲ್ಲ. ನಾನೇ ಬಿಟ್ಟು ಬಂದೆ. ಉಟ್ಟ ಬಟ್ಟೆಯಲ್ಲಿ ಬಂದು ಈ ಮನೆಯ ಬೆಲ್ ಒತ್ತಿದೆ. ಸೆನ್ಯೋರಾ ಏನೂ ಕೇಳಲಿಲ್ಲ. “ಅಡುಗೆ ಬರುತ್ತಾ?” ಅಂದರು, ಅಷ್ಟೇ.

ಇದನ್ನು ನಿನಗೆ ಯಾಕೆ ಬರೆಯಲಿಲ್ಲ ಎಂದರೆ, ನಿನಗೆ ಚೆಂಚೊನಂಥ ಗಂಡ. ನಿನ್ನ ಮುಂದೆ ನನ್ನ ಆಯ್ಕೆಯನ್ನು ಹೇಳಿಕೊಳ್ಳಲು ನಾಚಿಕೆಯಾಯಿತು. ನೀನು ನಾಚಿಕೆಗೆ “ಬಿದ್ದೆ” ಎಂದೆ, ನಾನೂ ನಾಚಿಕೆಗೇ “ಬಿದ್ದೆ” ಎಂದೆ. ಏಪ್ರಿಲ್‌ನ ನಿನ್ನ ಕಾಗದ ಓದಿದಾಗ ಅದು ನಿನ್ನದು ಎನಿಸಲಿಲ್ಲ ಅಕ್ಕ. ನನ್ನ ಕಾಗದವೇ ಏಳು ವರ್ಷ ಸುತ್ತಿ ನನಗೆ ವಾಪಸ್ ಬಂದ ಹಾಗಾಯಿತು.

ಭಾವನಿಗೆ ಏನು ಹೇಳಲಿ? ಅವರನ್ನು ಊರೆಲ್ಲ ನೋಡುವ ಹಾಗೆ ಜೀಪು ಹತ್ತಿಸಿದೆ. ಅವರು ನನ್ನ ಹೆಸರು ಎತ್ತದಿದ್ದರೂ ಸರಿ. ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ. ಈ ಕಾಗದವನ್ನು ಅವರಿಗೆ ಓದಿ ಹೇಳು. ಎಲ್ಲವನ್ನೂ ಓದು, ರುಬೆನ್ ವಿಷಯವನ್ನೂ.

ಬ್ಲಾಸಿ


ಸಾನ್ ಬ್ಲಾಸ್
ಜುಲೈ 14, 1998

ಬ್ಲಾಸಿ, ನನ್ನ ಕೂಸೇ,

ಮನೆಗೆ ಬಂದಿದ್ದೇನೆ. ನಿನ್ನ ಕಾಗದ ಅರ್ಧದವರೆಗೆ ಜೋರಾಗಿ ಓದಿದೆ. ಮೇಜಿನ ಅಂಚು ಎಂಬಲ್ಲಿಗೆ ಬಂದಾಗ ನಿಲ್ಲಿಸಿ ಕಾಗದ ಮಡಿಲಲ್ಲಿಟ್ಟೆ. ಚೆಂಚೊ ಕೈ ಚಾಚಿ ಕಾಗದ ತೆಗೆದುಕೊಂಡು ಉಳಿದದ್ದನ್ನು ತಾನೇ ಓದಿದ. ಓದಿ ಮುಗಿಸಿ ಅಂಗಳಕ್ಕೆ ಹೋದ. ಬಹಳ ಹೊತ್ತು ಒಲೆಯ ಬೂದಿ ಬಳಿದ. ಬಳಿಯಲು ಅಲ್ಲಿ ಏನೂ ಇರಲಿಲ್ಲ.

ನನಗೆ ನೆನಪಾಗುತ್ತಿರುವುದು ಒಂದೇ. ಆ ಎಡಗೈ ಅಕ್ಷರದ ಕಾಗದ ಬಂದಾಗ ಉತ್ತರವಾಗಿ ನಾನು ಬರೆದದ್ದು, “ಬಸ್ಸು ಹತ್ತುವಾಗ ಕಣ್ಣು ಬಿಟ್ಟು ಹತ್ತು.” ಅದನ್ನು ನೀನು ಓದುವಾಗ ಅವನು ಪಕ್ಕದಲ್ಲಿದ್ದನಾ? ಇದನ್ನು ಯೋಚಿಸಿದಾಗಲೆಲ್ಲ ಮಾಡುತ್ತಿದ್ದ ಕೆಲಸ ನಿಂತುಹೋಗುತ್ತದೆ.

ಚೆಂಚೊ ಒಳಗೆ ಬಂದು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ, ಬರೆಯಬೇಕೆಂದು ಅವನೇ ಹೇಳಿದ್ದಾನೆ. “ಅವಳು ಮಾಡಿದ್ದು ಸರಿ. ನನ್ ತಂಗಿ ಹಂಗ್ ಬರ್ದಿದ್ರೆ ನಾನೂ ಪೊಲೀಸ್‌ಗೇ ಹೇಳ್ತಿದ್ದೆ. ಅವಳ ಕಾಗದ ಬಂದಾಗ ನಾವ್ಯಾರೂ ಹೇಳ್ಲಿಲ್ವಲ್ಲ, ತಪ್ಪು ಅದು.” ಮತ್ತೆ, “ಆ ರುಬೆನ್ ಈಗ್ಲೂ ಅದೇ ಮನೇಲಿದಾನಾ?” ಅಂದ. ವಿಳಾಸ ಕೊಡಬೇಡ.

ನನ್ನ ಸುದ್ದಿ ಹೇಳುತ್ತೇನೆ. ಎದೆಯಿಂದ ಸೊಂಟದವರೆಗೆ ಗಟ್ಟಿ ಪಟ್ಟಿ ಕೊಟ್ಟಿದ್ದಾರೆ, ಮೂರು ತಿಂಗಳು ಕಟ್ಟಿಕೊಂಡಿರಬೇಕು. ಬೆಳಿಗ್ಗೆ ಒಂದು ಮಾತ್ರೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು. ಮಾತೆ ಎಲೆಯ ಕಷಾಯ ಕುಡಿಯುವಂತಿಲ್ಲ, ಬರೀ ನೀರು. ನಮ್ಮೂರಿನಲ್ಲಿ ಮಾತೆ ಇಲ್ಲದ ಬೆಳಗು ಹೇಗಿರುತ್ತದೆ, ನಿನಗೆ ಗೊತ್ತು. ಪೊರ್ಫಿರಿಯಮ್ಮ ಎದುರಿಗೆ ಕೂತು ಸೊರಸೊರ ಹೀರುತ್ತಾಳೆ. ನನ್ನ ಹೊಟ್ಟೆ ಉರಿಸಲೆಂದೇ ಬರುತ್ತಾಳೆ. ಚುಟ್ಟಾ ಬಿಡಬೇಕೆಂದು ಡಾಕ್ಟರ್ ಹೇಳಿದಳು, ಅದೂ ಮೂಳೆ ತಿನ್ನುತ್ತದಂತೆ. ಬಿಟ್ಟಿದ್ದೇನೆ. ಹಾಲು ಕುಡಿಯಬೇಕು, ಬಿಸಿಲಲ್ಲಿ ನಡೆಯಬೇಕು. ತಲೆಯ ಮೇಲೆ ಬುಟ್ಟಿ ಇನ್ನು ಎಂದೂ ಇಲ್ಲ. ಇದನ್ನು ಕೇಳಿದ ದಿನ ಮಾತ್ರ ಅತ್ತೆ.

ಈಗ ಬುಟ್ಟಿ ಹೊರುವುದು ನಿನ್ನ ಭಾವ. ಅರವತ್ತಾರು ವರ್ಷದ ಗಂಡಸು ಎರಡು ಕೈಯಲ್ಲಿ ಬುಟ್ಟಿ ಅವುಚಿಕೊಂಡು ಬಸ್ಸು ಹತ್ತಿದರೆ ಹೆಂಗಸರೆಲ್ಲ, “ಚಿಪಾ ಅಮ್ಮ ಬಂದ್ಲು” ಎಂದು ನಗುತ್ತಾರಂತೆ. ಅವನೂ ನಗುತ್ತಾನೆ, ಮಾರುತ್ತಾನೆ. ನನಗಿಂತ ಹೆಚ್ಚು ಮಾರುತ್ತಾನೆ ಎಂದು ಹೇಳಿಕೊಳ್ಳುತ್ತಾನೆ.

ಪಟ್ಟಿಯ ಕೊಂಡಿ ಬೆನ್ನ ಹಿಂದಿದೆ. ನನಗೆ ಕೈ ಎಟುಕುವುದಿಲ್ಲ. ಮೊದಲ ದಿನ ಪೊರ್ಫಿರಿಯಮ್ಮನನ್ನು ಕರೆಯುತ್ತೇನೆ ಅಂದ. ಬೇಡ, ನೀನೇ ಕಟ್ಟು ಅಂದೆ. ನನ್ನ ಹಿಂದೆ ನಿಂತ. ಎಷ್ಟೋ ಹೊತ್ತು ಏನೂ ಆಗಲಿಲ್ಲ, ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಕೈ ಇಟ್ಟ. “ಇಷ್ಟು ಸಾಕಾ?” ಅಂದ. ಅದು ಕಟ್ಟಿದ್ದೇ ಅಲ್ಲ, ಮುಟ್ಟಿದ್ದಷ್ಟೇ. ಇನ್ನೂ ಬಿಗಿ ಅಂದೆ. ಎಳೆದ. ಏನೂ ಮುರಿಯಲಿಲ್ಲ. ಆಗ ಅವನು ಹಣೆಯನ್ನು ನನ್ನ ಹೆಗಲಿಗಿಟ್ಟು ನಿಂತುಬಿಟ್ಟ. ಜೋಲಿ ಬಿಚ್ಚಿಟ್ಟಿದ್ದಾನೆ.

ಇನ್ನೊಂದು ವಿಷಯ, ಇದನ್ನು ತಳ್ಳಿಹಾಕಬೇಡ. ಅಮ್ಮನ ಬಗ್ಗೆ ಡಾಕ್ಟರ್ ಕೇಳಿದಳು. ಕೊನೆಗೆ ಬಾಗಿ ಕಿಟಕಿಯ ಹಲಗೆಯಷ್ಟೇ ಎತ್ತರ ಆಗಿದ್ದಳು ಅಂದೆ. ಹೊರೆ ಹೊತ್ತು ಬಾಗಿದಳು ಎಂದೇ ನಾವು ಅಂದುಕೊಂಡಿದ್ದೆವಲ್ಲ. “ಅವರ ಬೆನ್ನೂ ಹೀಗೇ ಕುಸಿದಿರಬೇಕು. ಅಕ್ಕತಂಗಿಯರು ಇದ್ದಾರಾ?” ಎಂದಳು. ನಿನಗೆ ಐವತ್ತಾಯಿತು. ಹೋಗಿ ಅಳೆಸಿಕೊಂಡು ಬಾ. ನೋಯುವುದಿಲ್ಲ. ಸುಮ್ಮನೆ ಮಲಗಿರುವುದು.

ಅಕ್ಕ


ಬ್ಯೂನಸ್ ಐರಿಸ್
ಆಗಸ್ಟ್ 20, 1998

ಅಕ್ಕ,

ಹೋಗಿ ಬಂದೆ. ಸೆನ್ಯೋರಾ ಎಬೆ ತಮ್ಮ ಡಾಕ್ಟರಿಗೇ ಹೇಳಿ ಕಳಿಸಿದರು. ಅವರೂ ಜೊತೆಗೆ ಬರುತ್ತೇನೆಂದು ಹಟ ಹಿಡಿದರು, ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋದೆ. ಬಾಗಿಲ ಹೊರಗೆ ಕೂತು ದಾರಿಯಲ್ಲಿ ಹೋಗುವ ನರ್ಸುಗಳಿಗೆಲ್ಲ ಬುದ್ಧಿ ಹೇಳುತ್ತಿದ್ದರು.

ನನ್ನ ಮೂಳೆಯೂ ಸವೆಯಲು ಶುರುವಾಗಿದೆ. ನಿನ್ನಷ್ಟಿಲ್ಲ. ಇನ್ನೂ ಮುರಿಯುವ ಹಂತಕ್ಕೆ ಬಂದಿಲ್ಲ, ತಡೆಯಬಹುದಂತೆ. ಹಾಲು, ನಡಿಗೆ, ಸುಣ್ಣದ ಮಾತ್ರೆ, ಎರಡು ವರ್ಷದ ಮೇಲೆ ಮತ್ತೊಮ್ಮೆ ಅಳತೆ. ನೀನು ಹೇಳದಿದ್ದರೆ ನಾನು ಹೋಗುತ್ತಿರಲಿಲ್ಲ.

ಸೆಪ್ಟೆಂಬರ್ ಮೊದಲ ಶುಕ್ರವಾರದ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಒಂದು ತಿಂಗಳು ರಜೆ. ಭಾವ ಹೇಳಿದ ಮಾತನ್ನು ಎಷ್ಟು ಸಲ ಓದಿದೆ ಎಂದರೆ ಕಾಗದ ಮಡಿಕೆಯಲ್ಲಿ ಹರಿದಿದೆ. ಅವರ ಎದುರು ಹೇಗೆ ನಿಲ್ಲುವುದೆಂದು ಇನ್ನೂ ತಿಳಿಯದು. ಆದರೂ ಬರುತ್ತೇನೆ. ರುಬೆನ್ ವಿಳಾಸ ಕೊಡುವುದಿಲ್ಲ.

ಬಸ್ಸಿನಲ್ಲಿ ಬಂದು ಬಾಯಲ್ಲೇ ಹೇಳಬಹುದಿತ್ತು, ಆದರೆ ಇದನ್ನು ಇವತ್ತೇ ಬರೆಯಬೇಕು. ಪರೀಕ್ಷೆಗೆ ಮೊದಲು ಡಾಕ್ಟರ್ ಪ್ರಶ್ನೆ ಕೇಳಿದರು. ವಯಸ್ಸಾದ, ನಿಧಾನದ ಮನುಷ್ಯ.

“ಹಿಂದೆ ಎಲುಬು ಮುರಿದಿತ್ತಾ?”

“ಬಲ ಮುಂಗೈ.”

“ಹೇಗೆ?”

“ಬಿದ್ದೆ” ಎಂದುಬಿಟ್ಟೆ ಅಕ್ಕ. ನಿನಗೆ ಅಷ್ಟೆಲ್ಲ ಬರೆದ ಮೇಲೂ ಬಾಯಿಗೆ ಅದೇ ಬಂತು.

ಅವರು ಬರೆಯುತ್ತಿದ್ದವರು ತಲೆ ಎತ್ತಿದರು. “ಎಲ್ಲಿಂದ ಬಿದ್ರಿ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ನಿಂತಲ್ಲೇ ಬಿದ್ದು ಮುರಿದಿದ್ರೆ ಆಗಲೇ ಮೂಳೆ ಸೋತಿತ್ತು ಅಂತ ಅರ್ಥ. ಔಷಧಿ ಬೇರೆ ಆಗುತ್ತೆ.”

ಹೊರಗೆ ಸೆನ್ಯೋರಾ ಯಾರಿಗೋ ಬೈಯುತ್ತಿದ್ದರು.

“ಬಿದ್ದಿಲ್ಲ ಡಾಕ್ಟರ್. ನನ್ನ ಜೊತೆ ಇದ್ದ ಗಂಡಸು ಮುರಿದ. ಮೇಜಿನ ಅಂಚಿಗೆ ಇಟ್ಟು ಒತ್ತಿದ.”

ಅವರು ಪೆನ್ನು ಕೆಳಗಿಟ್ಟರು. ಈಗಲೂ ಅವನ ಜೊತೆ ಇದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ತೋಳನ್ನು ಹಿಡಿದು, ಗಂಟು ಉಳಿದಿರುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಬರೆದದ್ದನ್ನು ಹೊಡೆದುಹಾಕಿದರು.

“ಹಾಗಾದ್ರೆ ಇದು ಲೆಕ್ಕಕ್ಕೆ ಬರಲ್ಲ. ಇದನ್ನ ಮುರಿಯೋಕೆ ಬಹಳ ಬಲ ಬೇಕಾಗಿರುತ್ತೆ. ಆಗ ನಿಮ್ಮ ಮೂಳೆ ಗಟ್ಟಿಯಾಗೇ ಇತ್ತಮ್ಮ.”

ಹೊರಗೆ ಬಂದು ಗಾಲಿಕುರ್ಚಿಯ ಪಕ್ಕ ಬೆಂಚಿನ ಮೇಲೆ ಕೂತೆ. ಸೆನ್ಯೋರಾ ಏನೋ ಕೇಳಿದರು, ಕೇಳಿಸಲಿಲ್ಲ. ನನ್ನಲ್ಲೇ ಎಲ್ಲೋ ಗಟ್ಟಿತನ ಇರಲಿಲ್ಲ, ಬೇರೆ ಹೆಂಗಸಾಗಿದ್ದರೆ ಮುರಿಯುತ್ತಿರಲಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಗಟ್ಟಿಯಾಗೇ ಇತ್ತಂತೆ, ಅಕ್ಕ.

ಬ್ಲಾಸಿ